ಕಣ್ಣಿಗೊತ್ತಿಕೊಂಡ ಮೊಟ್ಟೆ

ನಮ್ಮ ತೋಟದಲ್ಲಿ ಡ್ರೆಸ್ಸರ ಬಗ್ಗೆ ಒಂದು ಮಾತಿತ್ತು. ಅವರನ್ನು ಊಟ ಆಯಿತಾ ಎಂದು ಕೇಳಿದರೂ 'ನಾಳೆ ಹೇಳ್ತೀನಿ' ಅನ್ನುತ್ತಾರಂತೆ. ಆ ಮಾತು ಹುಟ್ಟಿಸಿದ್ದು ತಾವೇ ಎಂದು ನಮ್ಮ ಯಜಮಾನರು ಹೇಳಿಕೊಳ್ಳುತ್ತಿದ್ದರು. ಇನ್ನೂ ನಾಲ್ಕು ಮಂದಿ ಹಾಗೆಯೇ ಹೇಳಿಕೊಳ್ಳುತ್ತಿದ್ದರು. ಮೊನ್ನೆ ಕಳಸದ ಕಡೆಯಿಂದ ಬಂದ ಮೆಣಸಿನ ವ್ಯಾಪಾರದ ಸಾಬರು ಜಗಲಿಯಲ್ಲಿ ಕೂತು, ನಿಮ್ಮ ತೋಟದ ಹಳೇ ಡ್ರೆಸ್ಸರು ತೀರಿಹೋದರಂತೆ ಎಂದಾಗ ನನಗೆ ಮೊದಲು ನೆನಪಾದದ್ದು ಅದೇ. ಸಾಬರ ಮುಂದೆಯೇ ನಗು ಬಂದುಬಿಟ್ಟಿತು.

ಡ್ರೆಸ್ಸರೆಂದರೆ ಡಾಕ್ಟರಲ್ಲ. ಮಲ್ಲಂದೂರಿನಿಂದ ಗುಡ್ಡ ಹತ್ತಿ ಬಂದರೆ ನಮ್ಮ ಕಾಫಿ ತೋಟ. ತೋಟಕ್ಕೊಂದು ಎರಡು ಕೋಣೆಯ ಆಸ್ಪತ್ರೆ. ಅಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವವರು, ಹಲ್ಲು ಕೀಳುವವರು, ಜ್ವರಕ್ಕೆ ಕ್ವಿನೈನ್ ಕುಡಿಸುವವರು ಎಲ್ಲ ಅವರೊಬ್ಬರೇ. ನಮ್ಮ ಯಜಮಾನರು ಅದೇ ತೋಟದ ಲೆಕ್ಕ ಬರೆಯುವ ರೈಟರು. ನಮ್ಮ ಮನೆಗೂ ಆಸ್ಪತ್ರೆಗೂ ನಡುವೆ ಒಂದು ಸಾಲು ಸಿಲ್ವರ್ ಮರ ಅಷ್ಟೇ. ಡ್ರೆಸ್ಸರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಹೇಳುವುದಕ್ಕೆ ಅಷ್ಟು ಅಳುಕುತ್ತಿದ್ದ ಮನುಷ್ಯ, ಅವರ ಹೆಸರನ್ನು ನಾನು ಸಂತೆಗೆ ತರುವುದು ಬೇಡ.

ಉದ್ದಕ್ಕೆ, ತೆಳ್ಳಗೆ ಇದ್ದರು. ಖಾಕಿ ಕೋಟಿನ ಎಡಜೇಬಿನಲ್ಲಿ ಯಾವಾಗಲೂ ಹತ್ತಿ. ಮೈಯಿಂದ ಅಯೋಡಿನ್ ವಾಸನೆ. ಹೆಂಡತಿ ಮಕ್ಕಳು ಇದ್ದಂತೆ ಕಾಣಲಿಲ್ಲ. ಅವರದು ಯಾವ ಜಾತಿ ಎಂದು ನಮ್ಮ ಅತ್ತೆ ಆರು ತಿಂಗಳು ವಿಚಾರಿಸಿ ಸೋತರು. ಕೊನೆಗೆ, ಅವರ ಕೈಯ ಔಷಧಿ ಕುಡಿಯಬಹುದು, ನೀರು ಕುಡಿಯಬಾರದು ಎಂದು ತೀರ್ಪು ಕೊಟ್ಟರು. ಆ ಔಷಧಿಯಲ್ಲಿ ಮುಕ್ಕಾಲು ಪಾಲು ನೀರೇ ಇತ್ತೆಂದು ಅತ್ತೆಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕ್ವಿನೈನ್ ಕುಡಿಸುವುದರಲ್ಲಿ ಅವರದೇ ಒಂದು ಪದ್ಧತಿ. ಆಳುಗಳು ಕಹಿ ತಡೆಯಲಾರದೆ ಔಷಧಿಯನ್ನು ಬಾಯಲ್ಲೇ ಇಟ್ಟುಕೊಂಡು, ಆಸ್ಪತ್ರೆಯ ಹಿಂದಕ್ಕೆ ಹೋಗಿ ಉಗುಳಿಬಿಡುತ್ತಿದ್ದರು. ಅದಕ್ಕೆ ಡ್ರೆಸ್ಸರು, ಕುಡಿದ ಕೂಡಲೆ 'ನಿನ್ನ ಹೆಸರೇನು' ಎಂದು ಕೇಳುತ್ತಿದ್ದರು. ಹತ್ತು ವರ್ಷದಿಂದ ಗೊತ್ತಿದ್ದವನನ್ನೂ ಕೇಳುತ್ತಿದ್ದರು. ಹೆಸರು ಹೇಳಬೇಕಾದರೆ ನುಂಗಲೇಬೇಕು. ನನಗೂ ಕೇಳಿದ್ದಾರೆ. ನಾನು ಗಂಡನ ಹೆಸರು ಕೇಳಿದರೋ ಎಂದು ನಾಚಿಕೊಂಡು, ಔಷಧಿಯನ್ನೆಲ್ಲ ಸೀರೆಯ ಮೇಲೆ ಚೆಲ್ಲಿಕೊಂಡಿದ್ದೆ.

ಕಾಯಿಲೆಯ ಹೆಸರನ್ನು ಮಾತ್ರ ಅವರು ಸುಲಭಕ್ಕೆ ಹೇಳುತ್ತಿರಲಿಲ್ಲ. ಜ್ವರ ಎಂದು ಹೋದರೆ ಜ್ವರ ಎಂದೇ ಅನ್ನುತ್ತಿದ್ದರು. ಯಾವ ಜ್ವರವೆಂದು ಕೇಳಿದರೆ, ನಾಡಿದ್ದು ಅದೇ ಹೊತ್ತಿಗೆ ಮತ್ತೆ ಚಳಿ ಬರುತ್ತದೋ ನೋಡಿ ಹೇಳ್ತೀನಿ ಅನ್ನುತ್ತಿದ್ದರು. ಅಷ್ಟರಲ್ಲಿ ರೋಗಿ ಗುಣವಾಗಿ ಕೆಲಸಕ್ಕೆ ಹೋಗಿರುತ್ತಿದ್ದ, ಇಲ್ಲವೇ ಗುಡ್ಡದಾಚೆಯ ಮಸಣಕ್ಕೆ ಹೋಗಿರುತ್ತಿದ್ದ. ಹಾಗಿದ್ದೂ ಜನಕ್ಕೆ ಅವರ ಮೇಲೆ ನಂಬಿಕೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವವನು, ಗೊತ್ತಿದೆ ಎಂದಾಗ ಸುಳ್ಳು ಹೇಳಲಾರ ಎಂಬ ನಂಬಿಕೆ.

ಈ ಗುಣ ಅವರಿಗೆ ಬಂದದ್ದು ಮೊಟ್ಟೆಗಳಿಂದ. ನಾವು ತೋಟಕ್ಕೆ ಬರುವ ಮೊದಲು ಅಲ್ಲಿದ್ದ ಹಿರಿಯ ಇಂಗ್ಲಿಷ್ ದೊರೆಗೆ ಹಕ್ಕಿಗಳ ಮೊಟ್ಟೆ ಕೂಡಿಡುವ ಹುಚ್ಚು. ಪಕ್ಕದಲ್ಲಿ ಸೂಜಿಯಷ್ಟು ತೂತು ಮಾಡಿ, ಒಳಗಿನ ಲೋಳೆ ತೆಗೆದು, ಓಡನ್ನು ಹತ್ತಿಯ ಮೇಲಿಟ್ಟು ಹೆಸರಿನ ಚೀಟಿ ಅಂಟಿಸುವುದು. ಪಿಚಕಾರಿ ಹಿಡಿಯಲು ಬರುತ್ತಿದ್ದವರು ತೋಟದಲ್ಲಿ ಡ್ರೆಸ್ಸರೊಬ್ಬರೇ ಆದ್ದರಿಂದ ಆ ಕೆಲಸ ಅವರ ಪಾಲಿಗೆ ಬಂತು. ಒಂದು ಸಲ ಯಾರೋ ತಂದುಕೊಟ್ಟ ಮೊಟ್ಟೆಯ ಬಣ್ಣ ನೋಡಿ, ಇದು ಪಿಕಳಾರದ್ದು ಎಂದುಬಿಟ್ಟರಂತೆ. ದೊರೆ ಹಾಗೆಯೇ ಚೀಟಿ ಬರೆದು ಸೀಮೆಗೆ ಕಳಿಸಿದ. ಅಲ್ಲಿಯ ಪಂಡಿತರು ಅದು ಬೇರೆಯದೆಂದು ನಗೆಯಾಡಿ ಕಾಗದ ಬರೆದರು. ದೊರೆ ಬಯ್ಯಲಿಲ್ಲವಂತೆ. ತಾಯಿಯನ್ನು ನೋಡದೆ ಇನ್ನು ಮೇಲೆ ಮೊಟ್ಟೆಗೆ ಹೆಸರು ಹೇಳಬೇಡ ಅಂದನಂತೆ. ಅದನ್ನು ಡ್ರೆಸ್ಸರು ದೀಕ್ಷೆ ತೆಗೆದುಕೊಂಡ ಹಾಗೆ ತೆಗೆದುಕೊಂಡರು. ಒಂದು ಮೊಟ್ಟೆಗಾಗಿ ಎರಡು ದಿನ ಪೊದೆಯೊಳಗೆ ಕೂತು ಜಿಗಣೆ ಕಚ್ಚಿಸಿಕೊಂಡು ಬಂದದ್ದೂ ಉಂಟು. ದೊರೆ ಸೀಮೆಗೆ ಹಿಂದಿರುಗುವಾಗ, ಜೋಡಿಯಿದ್ದ ಮೊಟ್ಟೆಗಳಲ್ಲಿ ಒಂದೊಂದನ್ನು ಇವರಿಗೆ ಬಿಟ್ಟುಹೋದ. ಆಸ್ಪತ್ರೆಯ ಒಳಕೋಣೆಯಲ್ಲಿ, ಬ್ಯಾಂಡೇಜಿನ ಬೀರುವಿನ ಕೆಳಗೆ ಆ ಪೆಟ್ಟಿಗೆಗಳಿದ್ದವು.

ನನಗೆ ಅವರು ಅದನ್ನು ತೋರಿಸಿದ್ದು ನನ್ನ ಎರಡನೆಯ ಬಸಿರು ಹೋದ ತಿಂಗಳು. ಮೊದಲನೆಯದೂ ಹಾಗೇ, ಜ್ವರ ಬಂದು ಹೋಗಿತ್ತು. ನಾನು ದಿನವೂ ಆಸ್ಪತ್ರೆಗೆ ಹೋಗಿ ಕಹಿ ಕುಡಿದು, ಸುಧಾರಿಸಿಕೊಳ್ಳಲು ಬೆಂಚಿನ ಮೇಲೆ ಕೂರುತ್ತಿದ್ದೆ. ಒಂದು ದಿನ ಅವರು ಪೆಟ್ಟಿಗೆ ತಂದು ಪಕ್ಕದಲ್ಲಿಟ್ಟು ತೆರೆದರು. ಮೊಟ್ಟೆ ಎಂಬ ಮಾತನ್ನೇ ಆಡದ ಮನೆಯಿಂದ ಬಂದವಳು ನಾನು. ಮಕ್ಕಳು ನಿಲ್ಲದ ಹೆಂಗಸಿಗೆ ಖಾಲಿ ಮೊಟ್ಟೆ ತೋರಿಸುವ ಗಂಡಸು ಲೋಕದಲ್ಲಿ ಅವರೊಬ್ಬರೇ ಇರಬೇಕು. ಆದರೂ ನನಗೆ ಬೇಸರವಾಗಲಿಲ್ಲ. ಒಂದೊಂದರ ಹೆಸರು ಹೇಳುತ್ತಾ ಹೋದರು: ಮಡಿವಾಳ, ಕೆಂಬೂತ, ಕಾಜಾಣ. ಪ್ರತಿಯೊಂದರ ತಾಯಿಯನ್ನೂ ಎಲ್ಲಿ ಕಂಡದ್ದೆಂದು ಹೇಳಿದರು. ಆ ತಿಂಗಳಲ್ಲಿ ನನ್ನ ಜೊತೆ ಅಯ್ಯೋ ಪಾಪ ಅನ್ನದೆ ಮಾತಾಡಿದವರು ಇಬ್ಬರೇ. ಒಬ್ಬರು ಡ್ರೆಸ್ಸರು. ಇನ್ನೊಬ್ಬಳು ನಮ್ಮ ಅಂಗಳ ಗುಡಿಸುತ್ತಿದ್ದ ಈರಿ.

ಈರಿ ಬಯಲುಸೀಮೆಯವಳು. ಗಂಡನ ಜೊತೆ ಕೂಲಿಗೆಂದು ಗುಡ್ಡಕ್ಕೆ ಬಂದವಳು. ಬಂದ ಎರಡನೆಯ ಮಳೆಗಾಲಕ್ಕೆ ಗಂಡ ಜ್ವರದಲ್ಲಿ ಹೋದ. ಅದರ ಹಿಂದೆಯೇ ಕೈಗೂಸೂ ಹೋಯಿತು. ಅವಳಿಗೂ ದಿನ ಬಿಟ್ಟು ದಿನ ಚಳಿಜ್ವರ. ಜ್ವರವಿಲ್ಲದ ದಿನ ಬಾಯಿ ತುಂಬ ಮಾತು. ನಾನು ಮೂರನೆಯ ಸಲ ಬಸಿರಾದಾಗ ಸೆರಗಿನಲ್ಲಿ ಹುಳಿ ಮಾವಿನಕಾಯಿ ಕಟ್ಟಿಕೊಂಡು ಬಂದು, ಅತ್ತೆಗೆ ಕಾಣದ ಹಾಗೆ ನನಗೆ ಕೊಡುತ್ತಿದ್ದಳು. ಒಂದು ದಿನ ಪೊರಕೆ ಹಿಡಿದು ನಿಂತು ನನ್ನ ಹೊಟ್ಟೆಯನ್ನೇ ನೋಡಿ, ಈ ಸಲ ನಿಲ್ತದೆ ಬಿಡಿ ಎಂದಳು. ಅತ್ತೆ ಅದನ್ನು ಕೇಳಿಸಿಕೊಂಡರು. ಕೂಸು ಕಳೆದುಕೊಂಡವಳು ಹೊಟ್ಟೆ ನೋಡಿ ಆಡಿದ ಮಾತು ಒಳ್ಳೆಯದಲ್ಲ ಎಂದು ಅವತ್ತು ರಾತ್ರಿ ನನಗೆ ದೃಷ್ಟಿ ತೆಗೆದರು.

ಅದು ಮಾರ್ಚಿ ತಿಂಗಳು. ಕಾಫಿಯ ಹೂ ಅರಳಿಸುವ ಹೂಮಳೆ ಯಾವಾಗ ಬಿದ್ದೀತೆಂದು ತೋಟದವರೆಲ್ಲ ಆಕಾಶ ನೋಡುತ್ತಿದ್ದ ಕಾಲ. ನನಗೆ ಐದು ತುಂಬಿತ್ತು. ಅತ್ತೆ ಬೆಳಿಗ್ಗೆ ಪೂಜೆಗೆ ಹೂ ಕೊಯ್ಯಲು ಹೋದವರು ಗುಲಾಬಿ ಗಿಡದ ಹತ್ತಿರ ಕಲ್ಲಿನ ಹಾಗೆ ನಿಂತುಬಿಟ್ಟರು. ನಾನು ಹೋಗಿ ನೋಡಿದೆ. ಬರಿಯ ನೆಲದ ಮೇಲೆ, ನಾಲ್ಕು ಒಣಗಿದ ಎಲೆಗಳ ನಡುವೆ ಒಂದು ಮೊಟ್ಟೆ. ಗೂಡಿಲ್ಲ, ಒಂದು ಹುಲ್ಲುಕಡ್ಡಿ ಕೂಡ ಇಲ್ಲ. ತಿಳಿಗುಲಾಬಿ ಬಣ್ಣದ ಓಡಿನ ಮೇಲೆ ಕುಂಕುಮದ ನೀರು ಚಿಮುಕಿಸಿದಂತೆ ಕೆಂಪು ಕಲೆಗಳು.

ನಮ್ಮ ಕಡೆ ಅಂಗಳದಲ್ಲಿ ಮೊಟ್ಟೆ ಕಂಡರೆ ಯಾರೂ ಹಕ್ಕಿಯನ್ನು ನೆನೆಯುವುದಿಲ್ಲ. ನಿಂಬೆಹಣ್ಣು, ಮೊಟ್ಟೆ, ಕುಂಕುಮ ಎಂದರೆ ಯಾರೋ ಮಾಟ ಮಾಡಿಸಿ ಇಟ್ಟದ್ದು ಎಂದೇ ಅರ್ಥ. ಬಸುರಿಯಿರುವ ಮನೆಯಲ್ಲಂತೂ ಕೇಳುವುದೇ ಬೇಡ. ಅತ್ತೆ ನನ್ನನ್ನು ಒಳಗೆ ಎಳೆದುಕೊಂಡರು. ಅದನ್ನು ಮುಟ್ಟುವವರು ಯಾರು? ಮನೆಯವರು ಮುಟ್ಟಿದರೆ ಮೈಲಿಗೆ. ಕೂಲಿಮನೆಗಳ ಸಾಲಾದ ಲೈನಿನ ಆಳುಗಳು ಹೆದರಿಕೆಗೆ ಮುಟ್ಟರು. ಯಜಮಾನರು ನಕ್ಕು, ಕಾಗೆ ಕಚ್ಚಿ ತಂದು ಬೀಳಿಸಿರಬೇಕು ಎಂದು ಆಫೀಸಿಗೆ ಹೋದರು. ಮೊಟ್ಟೆ ಅಲ್ಲೇ ಉಳಿಯಿತು.

ಆ ಸಂಜೆ ನಾನು ಅಕ್ಕಿ ತೊಳೆದ ನೀರು ಚೆಲ್ಲಲು ಹಿತ್ತಿಲ ಬಾಗಿಲಿನಿಂದ ಹೊರಗೆ ಬಂದೆ. ಕಾಲು ತಾನಾಗಿ ಗುಲಾಬಿ ಗಿಡದ ಕಡೆಗೆ ತಿರುಗಿತು. ಹೆದರಿಕೆಗೂ ಒಂದು ಸೆಳೆತವಿರುತ್ತದೆ. ಹತ್ತಿರ ಹೋದಾಗ ನೆಲದ ಮೇಲಿದ್ದ ಒಣ ಎಲೆಯೊಂದು ಎದ್ದು ಹಾರಿತು. ಸದ್ದೇ ಇಲ್ಲ. ಉದ್ದ ರೆಕ್ಕೆ, ಅಗಲ ಬಾಲ. ಬೇಲಿಯ ಮೇಲೆ ಒಂದು ಸುತ್ತು ಸುತ್ತಿ, ಮಬ್ಬಿನಲ್ಲಿ ಕರಗಿಹೋಯಿತು. ಅದು ಎದ್ದ ಜಾಗದಲ್ಲಿ ಮೊಟ್ಟೆ ಇತ್ತು. ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಕಾಣಬೇಕು? ನಾನು ಒಳಗೆ ಬಂದೆ, ಯಾರಿಗೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಹಿತ್ತಿಲಿಗೆ ಹೋದೆ ಎಂದರೆ ಅತ್ತೆ ಬಯ್ಯುತ್ತಾರೆ ಎಂದುಕೊಂಡೆ. ಅಂದು ಅಷ್ಟೇ ಕಾರಣ.

ಮರುದಿನ ಬೆಳಿಗ್ಗೆ ಮೊಟ್ಟೆ ಜಾಗ ಬಿಟ್ಟಿತ್ತು. ಎರಡು ಗೇಣು ಮನೆಯ ಕಡೆಗೆ ಸರಿದಿತ್ತು.

ಈಗ ಯಜಮಾನರೂ ನಗಲಿಲ್ಲ. ಸುದ್ದಿ ಲೈನಿಗೆ ಮುಟ್ಟಿ, ಕೆಲಸಕ್ಕೆ ಹೊರಟ ಆಳುಗಳು ಬೇಲಿಯಾಚೆ ಗುಂಪುಗೂಡಿದರು. ಅವರ ಮೇಸ್ತ್ರಿಯೂ ಬಂದ. ಅಂಗಳಕ್ಕೆ ದಿನವೂ ಮೊದಲು ಕಾಲಿಡುವವಳು ಈರಿ ತಾನೇ ಎಂದು ಯಾರೋ ಅಂದರು. ಯಾರೆಂದು ಈಗ ನೆನಪಿಲ್ಲ. ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಒಬ್ಬರ ಬಾಯಿಂದ ಬಂತು. ಯಜಮಾನರು ಡ್ರೆಸ್ಸರಿಗೆ ಹೇಳಿಕಳಿಸಿದರು. ಮೊಟ್ಟೆಯ ವಿಷಯದಲ್ಲಿ ಅವರು ಒಂದು ಮಾತು ಹೇಳಿದರೆ ಅತ್ತೆಯೂ ಒಪ್ಪುತ್ತಾರೆ, ಲೈನಿನವರೂ ಒಪ್ಪುತ್ತಾರೆ. ಈರಿಯ ತಲೆಯ ಮೇಲೆ ಬಂದದ್ದು ಆ ಒಂದು ಮಾತಿನಿಂದ ತಪ್ಪುವುದಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಡ್ರೆಸ್ಸರು ಬಂದರು. ಇಬ್ಬನಿ ಇನ್ನೂ ಆರಿರಲಿಲ್ಲ. ಚಪ್ಪಲಿ ಬೇಲಿಯ ಹೊರಗೆ ಬಿಟ್ಟು, ಮೊಟ್ಟೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮುಟ್ಟದೆ ಬಹಳ ಹೊತ್ತು ನೋಡಿದರು. ಆಮೇಲೆ ಕೈ ಒರೆಸಿಕೊಂಡು ಎರಡು ಬೆರಳಲ್ಲಿ ಎತ್ತಿದರು. ಕಣ್ಣು ಮುಚ್ಚಿದರು. ಮೊಟ್ಟೆಯನ್ನು ಮೆಲ್ಲಗೆ ಬಲಗಣ್ಣಿನ ರೆಪ್ಪೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಹಾಗೆಯೇ ಕೂತರು.

ಬೇಲಿಯಾಚೆಯ ಪಿಸುಮಾತೆಲ್ಲ ನಿಂತುಹೋಯಿತು. ನಾವು ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ, ತೀರ್ಥಕ್ಷೇತ್ರದ ದಾರವನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ, ಕಾಲು ತಾಗಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ. ಶಕ್ತಿಯಿರುವುದನ್ನು ಮಾತ್ರ ಯಾರಾದರೂ ಕಣ್ಣಿಗೊತ್ತಿಕೊಳ್ಳುವುದು. ಯಾವ ದೇವರಿಗೂ ಕೈಮುಗಿದದ್ದನ್ನು ನಾವು ಕಾಣದ ಡ್ರೆಸ್ಸರು ಅದಕ್ಕೆ ನಮಸ್ಕಾರ ಮಾಡುತ್ತಿದ್ದರು. ಮೇಸ್ತ್ರಿ ತಲೆಯ ರುಮಾಲು ತೆಗೆದ. ಅತ್ತೆ ನನ್ನ ಕೈ ಹಿಡಿದುಕೊಂಡರು.

ಅವರು ಮೊಟ್ಟೆಯನ್ನು ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಇಟ್ಟರು. ತಲೆಯೆತ್ತಿ ಕೇಳಿದರು: "ಇಲ್ಲಿಂದ ಯಾವುದಾದ್ರೂ ಹಕ್ಕಿ ಎದ್ದಿದ್ದು ಯಾರಾದ್ರೂ ನೋಡಿದ್ದೀರಾ?"

ಅವರು ನನ್ನ ಕಡೆ ತಿರುಗಿದರು. "ನೀವು ನೋಡಿದ್ರಾ ಅಮ್ಮ?"

ನಾನು ಇಲ್ಲ ಎಂದು ತಲೆಯಾಡಿಸಿದೆ.

ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಬೇರೆ ಬೇರೆ ಕಾರಣ ಹೇಳಿಕೊಂಡಿದ್ದೇನೆ. ಅಷ್ಟು ಗಂಡಸರ ಮುಂದೆ ಸೊಸೆಯಾದವಳು ಬಾಯಿ ಬಿಡಬಾರದು ಎಂಬುದೊಂದು. ಮಬ್ಬಿನಲ್ಲಿ ಕಂಡದ್ದು ಹಕ್ಕಿಯೋ ಎಲೆಯೋ ಎಂಬುದೊಂದು. ಎಲ್ಲ ಸುಳ್ಳು. ಎರಡು ಮಕ್ಕಳು ಕೈತಪ್ಪಿ ಹೋಗಿದ್ದವು. ಈರಿಯ ಕಣ್ಣಿನಲ್ಲಿ ಏನೋ ಇದ್ದರೂ ಇರಬಹುದು ಎಂಬ ಸಂಶಯ ನನ್ನ ಹೊಟ್ಟೆಯೊಳಗೂ ಹೊಕ್ಕಿತ್ತು. ಅವಳು ಹೋಗಿಬಿಟ್ಟರೆ ಒಳ್ಳೆಯದು ಎಂದು ನನಗೂ ಇತ್ತು. ಹುಳಿ ಮಾವಿನಕಾಯಿ ತಿಂದ ಬಾಯಿಯಿಂದಲೇ ನಾನು ಸುಮ್ಮನಿದ್ದೆ.

ಹಾಗಾದರೆ ಇದು ಏನು ಎಂದು ಯಜಮಾನರು ಕೇಳಿದರು. ಡ್ರೆಸ್ಸರು ಎದ್ದು ಮಂಡಿ ಕೊಡವಿಕೊಂಡು, "ನಾಳೆ ಹೇಳ್ತೀನಿ. ಸಂಜೆ ನಾನಿಲ್ಲಿ ಕೂತು ನೋಡ್ಬೇಕು. ಅಲ್ಲೀತನಕ ಯಾರೂ ಹತ್ರ ಬರಬೇಡಿ" ಎಂದರು. ಆಸ್ಪತ್ರೆಯಲ್ಲಿ ಕೈ ಮುರಿದುಕೊಂಡ ಆಳೊಬ್ಬ ಕಾಯುತ್ತಿದ್ದ, ಬಿರಬಿರನೆ ಹೊರಟುಹೋದರು. ತಾವು ಬಿಟ್ಟುಹೋದ ಮೌನ ಎಂಥದ್ದೆಂದು ಅವರಿಗೆ ತಿಳಿಯಲಿಲ್ಲ.

ಆಗ ಈರಿ ಮಾತಾಡಿದಳು. ಪೊರಕೆ ಅವಳ ಕೈಯಲ್ಲೇ ಇತ್ತು. "ಹಕ್ಕಿ ಮೊಟ್ಟೆ ಕಣ್ರಮ್ಮ ಅದು. ನೆಲದ ಮ್ಯಾಲೇ ಇಡ್ತದೆ. ನಮ್ಮೂರ ಹೊಲದಾಗೆ ಬೇಕಾದಷ್ಟು ನೋಡಿವ್ನಿ."

ಮೇಸ್ತ್ರಿ ಪೊರಕೆ ಕಿತ್ತುಕೊಂಡ. "ಡ್ರೆಸ್ಸರೇ ಕಣ್ಣಿಗೊತ್ತಿಕೊಂಡವ್ರೆ. ನೀನು ಅವರಿಗಿಂತ ಬಲ್ಲವಳಾ?"

ಮಧ್ಯಾಹ್ನದೊಳಗೆ ಅವಳನ್ನು ಲೈನಿನಿಂದ ಹೊರಡಿಸಿದರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಎಲ್ಲರೂ ಹೆದರಿದ್ದರು, ಹೆದರಿದವರು ಬಲು ಮರ್ಯಾದೆಯಿಂದಲೇ ಹೊರಗೆ ಹಾಕುತ್ತಾರೆ. ಅಂದು ಅವಳಿಗೆ ಜ್ವರದ ದಿನ. ಕಂಬಳಿ ಹೊದ್ದು, ಗಂಟು ಬಗಲಲ್ಲಿಟ್ಟುಕೊಂಡು ನಮ್ಮ ಬೇಲಿಯ ಹತ್ತಿರ ಬಂದು ನಿಂತಳು. ಹಲ್ಲು ಕಟಕಟ ಎನ್ನುತ್ತಿದ್ದದ್ದು ಕಿಟಕಿಯವರೆಗೂ ಕೇಳುತ್ತಿತ್ತು. ನಾನು ಕಿಟಕಿ ಬಿಟ್ಟು ಒಳಗೆ ಹೋದೆ. ಯಜಮಾನರಿಗೆ ವಿಷಯ ಗೊತ್ತಾದದ್ದು ಊಟಕ್ಕೆ ಬಂದಾಗ. ಎರಡು ದಿನ ಕಳೆದು ಕರೆಸಿದರಾಯಿತು ಎಂದರು. ಡ್ರೆಸ್ಸರಿಗೆ ಯಾರೂ ಹೇಳಲಿಲ್ಲ.

ಮುಚ್ಚಂಜೆಗೆ ಅವರು ಬಂದು ಮಲ್ಲಿಗೆ ಚಪ್ಪರದ ಹಿಂದೆ ಕೂತರು. ನಾವು ದೀಪ ಹಚ್ಚುವ ಹೊತ್ತಿಗೆ ಜಗಲಿ ಹತ್ತಿ ಬಂದರು, ಬಂದರೆನ್ನುವುದಕ್ಕಿಂತ ಓಡಿಬಂದರು. ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನತ್ತಿಂಗ, ನತ್ತಿಂಗನ ಮೊಟ್ಟೆ ಎಂದು ಎರಡು ಸಲ ಹೇಳಿದರು. ಗೂಡು ಕಟ್ಟದ ಹಕ್ಕಿಯಂತೆ, ಹಗಲೆಲ್ಲ ಒಣ ಎಲೆಯ ಹಾಗೆ ನೆಲಕ್ಕಂಟಿ ಕೂರುತ್ತದಂತೆ, ಜನ ಸುಳಿದಾಡಿದರೆ ಮೊಟ್ಟೆಯನ್ನು ಎದೆಯಿಂದ ತಳ್ಳಿ ಸರಿಸಿಕೊಳ್ಳುತ್ತದಂತೆ. ಎರಡು ಮಾರು ದೂರದಿಂದ ತಾಯಿಯನ್ನು ಕಣ್ಣಾರೆ ನೋಡಿದೆ, ಬಂದು ಕೂತಳು ಎಂದರು. ಇನ್ನು ಆ ಬಡಪಾಯಿಯ ಮೇಲೆ ಯಾರೂ ಒಂದು ಮಾತು ಆಡಬೇಡಿ ಎಂದರು.

ಅತ್ತೆ ತಲೆ ತಗ್ಗಿಸಿ, "ಅವಳು ಹೋಗಿ ಆಯ್ತಲ್ಲ ಮಾರಾಯ್ರೇ" ಎಂದರು.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಯಾಕೆ ಎಂದು ಕೇಳಿದರು. ನೀವೇ ಕಣ್ಣಿಗೊತ್ತಿಕೊಂಡಿರಲ್ಲ ಎಂದು ಯಜಮಾನರು ಹೇಳಿದರು. ಡ್ರೆಸ್ಸರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. ಯಾವ ದಾರಿ ಹಿಡಿದಳು ಎಂದಷ್ಟೇ ಕೇಳಿ, ಆಸ್ಪತ್ರೆಗೆ ಹೋಗಿ ಲಾಟೀನು, ಕ್ವಿನೈನ್ ಬಾಟಲಿ ತೆಗೆದುಕೊಂಡು ಗುಡ್ಡ ಇಳಿದರು.

ಮೂರನೆಯ ದಿನ ಹಿಂದಿರುಗಿದರು. ಆಲ್ದೂರಿನವರೆಗೂ ಹೋಗಿದ್ದರಂತೆ, ಅಂಗಡಿ ಅಂಗಡಿ, ಗಾಡಿ ಗಾಡಿ ಕೇಳಿದ್ದರಂತೆ. ಗಾಡಿ ಹೊಡೆಯುವ ಒಬ್ಬ ಸಾಬರು ಮಾತ್ರ, ಹಳ್ಳದ ಸೇತುವೆಯ ಹತ್ತಿರ ಕಂಬಳಿ ಹೊದ್ದು ನಡುಗುತ್ತಾ ಕೂತಿದ್ದ ಹೆಂಗಸೊಬ್ಬಳನ್ನು ಕಂಡೆ, ವಾಪಸು ಬರುವಾಗ ಇರಲಿಲ್ಲ ಎಂದರಂತೆ. ಎದ್ದು ಹೋದಳೋ, ಯಾರಾದರೂ ಕರೆದುಕೊಂಡು ಹೋದರೋ, ಹಳ್ಳದ ಪಾಲಾದಳೋ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಬಾಟಲಿ ತುಂಬಿದ್ದು ತುಂಬಿದಂತೆಯೇ ವಾಪಸು ಬಂತು.

ಈರಿ ಹೋದ ಮರುದಿನ ಗುಲಾಬಿ ಗಿಡದ ಬುಡದಲ್ಲಿ ಎರಡು ಮೊಟ್ಟೆಗಳಿದ್ದವು. ಎರಡನೆಯದರ ಮೇಲೂ ಅದೇ ಕೆಂಪು ಕಲೆ. ಅತ್ತೆ ನೋಡಿದರು, ನಾನೂ ನೋಡಿದೆ. ಅತ್ತೆ ಅಂದಿನಿಂದ ಆ ಗಿಡದ ಹೂ ಕೊಯ್ಯುವುದನ್ನು ಬಿಟ್ಟರು. ಮರಿಗಳಾದವೋ, ಹಾವು ತಿಂದಿತೋ, ತಿಂಗಳು ಕಳೆದು ನೋಡಿದಾಗ ಅಲ್ಲಿ ಏನೂ ಇರಲಿಲ್ಲ. ಶ್ರಾವಣದಲ್ಲಿ ನನಗೆ ಮಗಳು ಹುಟ್ಟಿದಳು. ನಿಂತಳು, ಈರಿ ಹೇಳಿದ ಹಾಗೆಯೇ.

ಆಮೇಲೆ ಅದೇ ಡ್ರೆಸ್ಸರು ಬೇರೆಯೇ ಮನುಷ್ಯರಾದರು. 'ನಾಳೆ ಹೇಳ್ತೀನಿ' ಎಂಬ ಮಾತನ್ನು ಅವರ ಬಾಯಿಂದ ಯಾರೂ ಮತ್ತೆ ಕೇಳಲಿಲ್ಲ. ಯಾರು ಯಾವ ಮೊಟ್ಟೆ ತಂದರೂ ದೂರದಿಂದಲೇ, ಕೈ ಹಿಂದೆ ಕಟ್ಟಿಕೊಂಡು, ತಟ್ಟನೆ ಹೆಸರು ಹೇಳಿಬಿಡುವರು. ಒಮ್ಮೆ ತೋಟದ ಹುಡುಗಿಯರು ತಮಾಷೆಗೆ ಹೊಳೆಯ ಉರುಟು ಕಲ್ಲೊಂದನ್ನು ಎಲೆಯಲ್ಲಿ ಸುತ್ತಿ ತಂದರೆ, ಕಾಡುಕೋಳಿ ಎಂದರು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ನನಗೆ ನಗಲಾಗಲಿಲ್ಲ. ಜ್ವರಕ್ಕೂ ಹಾಗೇ, ನಾಡಿ ಹಿಡಿಯುವ ಮೊದಲೇ ಹೆಸರು, ಅದರ ಹಿಂದೆಯೇ ನಾಳೆ ಎದ್ದು ಕೂರ್ತೀಯ ಎಂಬ ಭರವಸೆ. ನಾಳೆ ಕಾಣದವರಿಗೂ ಅದನ್ನೇ ಹೇಳುತ್ತಿದ್ದರು. ಜನ ಅವರನ್ನು ಮೊದಲಿಗಿಂತ ಹೆಚ್ಚು ಇಷ್ಟಪಟ್ಟರು, ಮೊದಲಿಗಿಂತ ಕಡಿಮೆ ನಂಬಿದರು. ಒಮ್ಮೆ ಔಷಧಿಗೆಂದು ಹೋದಾಗ ಪೆಟ್ಟಿಗೆ ತೆರೆದಿತ್ತು. ಮೊಟ್ಟೆಗಳೆಲ್ಲ ಇದ್ದವು, ಹೆಸರಿನ ಚೀಟಿಗಳನ್ನು ಮಾತ್ರ ಕಿತ್ತುಹಾಕಿದ್ದರು.

ಇನ್ನೊಂದು ಸಲ ಲೈನಿನ ದಾರಿಯಲ್ಲಿ ನಿಜವಾದ ಮಾಟದ ಮೊಟ್ಟೆಯೇ ಸಿಕ್ಕಿತು. ಕೋಳಿಮೊಟ್ಟೆಗೆ ಕುಂಕುಮ ಹಚ್ಚಿ, ಕಪ್ಪು ದಾರ ಸುತ್ತಿ, ಪಕ್ಕದಲ್ಲಿ ಸೂಜಿ ಚುಚ್ಚಿದ ನಿಂಬೆಹಣ್ಣು. ಆಳುಗಳು ಆ ದಾರಿ ಬಿಟ್ಟು ಕೆಲಸ ನಿಲ್ಲಿಸಿ ನಿಂತರು. ಡ್ರೆಸ್ಸರು ಬಂದರು. ಹಕ್ಕಿ ಮೊಟ್ಟೆ ಎಂದರು. ಇದಕ್ಕೆ ದಾರ ಯಾರು ಸುತ್ತಿದರು ಎಂದು ಮೇಸ್ತ್ರಿ ಕೇಳಿದ. ಅವರು ದಾರ ಬಿಚ್ಚಿ, ಮೊಟ್ಟೆಯನ್ನು ಕಲ್ಲಿಗೆ ಕುಟ್ಟಿ, ಎಲ್ಲರೂ ನೋಡುತ್ತಿದ್ದಂತೆ ಹಸಿಯಾಗಿಯೇ ಕುಡಿದುಬಿಟ್ಟರು. ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡರು. ಕುಂಕುಮ ಮೆತ್ತಿದ ಅವರ ತುಟಿಯನ್ನು ನೋಡಿ ಯಜಮಾನರು ಮನೆಗೆ ಬಂದು, ಆ ಮನುಷ್ಯನಿಗೆ ತಲೆ ಸರಿಯಿಲ್ಲ ಕಣೇ ಎಂದರು. ನಾನು ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದೆ.

ನತ್ತಿಂಗನ ಕೂಗು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಾರ್ಚಿ ತಿಂಗಳ ಮುಚ್ಚಂಜೆಯಲ್ಲಿ, ದೂರದಲ್ಲಿ ಯಾರೋ ಒಂದೇ ಸಮನೆ ಕಟ್ಟಿಗೆ ಒಡೆಯುವ ಹಾಗೆ ಚಕ್ ಚಕ್ ಎನ್ನುತ್ತದೆ. ನನಗೆ ಅದು ಜ್ವರದಲ್ಲಿ ಹಲ್ಲು ಕಟಕಟಿಸಿದಂತೆ ಕೇಳುತ್ತದೆ. ಆ ತಿಂಗಳು ನಾನು ದೀಪ ಹಚ್ಚುವ ಮೊದಲೇ ಕಿಟಕಿ ಮುಚ್ಚುತ್ತೇನೆ. ಮುಚ್ಚಿದರೂ ಕೇಳುತ್ತದೆ.

ಯುದ್ಧದ ವರ್ಷಗಳಲ್ಲಿ ಕ್ವಿನೈನ್ ಸಿಗುವುದು ಕಷ್ಟವಾಯಿತು. ಬರಿಗೈಯಲ್ಲಿ ಆಸ್ಪತ್ರೆ ನಡೆಸಲಾರೆ ಎಂದು ಡ್ರೆಸ್ಸರು ಕೆಲಸ ಬಿಟ್ಟು, ಕಳಸದಲ್ಲಿದ್ದ ದೂರದ ನೆಂಟರ ಮನೆಗೆ ಹೊರಟರು. ಹೊರಡುವ ದಿನ ಹೇಳಿಹೋಗಲು ನಮ್ಮ ಜಗಲಿಗೆ ಬಂದರು. ಅತ್ತೆ ಆಗ ಇರಲಿಲ್ಲ. ಕಾಫಿಯನ್ನೂ ನೀರನ್ನೂ ಎರಡನ್ನೂ ತಂದಿಟ್ಟೆ. ಮಗಳು ಬಂದು ನಮಸ್ಕಾರ ಮಾಡಿದಳು, ಎಷ್ಟು ವರ್ಷ ಎಂದು ಕೇಳಿದರು, ಒಂಬತ್ತು ಎಂದಳು. ಅವಳು ಒಳಗೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಒಂಬತ್ತು ವರ್ಷ ಈ ಮನುಷ್ಯ ತನ್ನದಲ್ಲದ ತಪ್ಪನ್ನು ಹೊತ್ತು ತಿರುಗಿದ್ದಾರೆ, ಅದನ್ನು ಹೊತ್ತೇ ಗುಡ್ಡ ಇಳಿಯುತ್ತಿದ್ದಾರೆ ಎನಿಸಿತು.

"ಡ್ರೆಸ್ಸರೇ, ಈರಿ ಹೋದಳಲ್ಲ, ಅದರ ಹಿಂದಿನ ಸಂಜೆ ನಾನು ನೋಡಿದ್ದೆ. ಮೊಟ್ಟೆ ಮೇಲಿಂದ ಹಕ್ಕಿ ಎದ್ದಿದ್ದು ನೋಡಿದ್ದೆ. ನೀವು ಕೇಳಿದಾಗ ಇಲ್ಲ ಅಂದೆ."

ಅವರು ಬೆಚ್ಚಿಬೀಳಲಿಲ್ಲ. ಕಾಫಿ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು.

"ಮೊಟ್ಟೆ ಬೆಚ್ಚಗಿತ್ತಮ್ಮ" ಎಂದರು.

ನನಗೆ ತಿಳಿಯಲಿಲ್ಲ. ಅವರೇ ಹೇಳಿದರು. ಚಳಿಯಲ್ಲಿ ಬೆರಳು ಮರಗಟ್ಟಿರುತ್ತದೆ, ಅದನ್ನು ನಂಬುವ ಹಾಗಿಲ್ಲ. ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು ಸರಿಯಾಗಿ ತಿಳಿಯುವುದು ಕಣ್ಣಿನ ರೆಪ್ಪೆಗೆ. ದೊರೆ ಕಲಿಸಿದ್ದಂತೆ. ಅದಕ್ಕೇ ರೆಪ್ಪೆಗೆ ಹಿಡಿದದ್ದು.

"ನೆಲವೆಲ್ಲ ಇಬ್ಬನಿ, ಮೊಟ್ಟೆ ಮಾತ್ರ ಬೆಚ್ಚಗಿತ್ತು. ತಾಯಿ ಈಗಷ್ಟೇ ಎದ್ದು ಹೋಗಿದಾಳೆ ಅಂತ ಗೊತ್ತಾಯ್ತು. ಯಾವ ಹಕ್ಕಿ ಅಂತ ಗೊತ್ತಾಗ್ಲಿಲ್ಲ, ಅಷ್ಟೇ. ಆದ್ರೆ ಜನ ಕೇಳಿದ್ದು ಯಾವ ಹಕ್ಕಿ ಅಂತ ಅಲ್ಲ. ಹಕ್ಕೀದೋ ಅಲ್ವೋ ಅಂತ. ಅದನ್ನ ಆಗ್ಲೇ ಹೇಳ್ಬಹುದಿತ್ತು."

ಆಮೇಲೆ ಅವರು ನೀರು ಕುಡಿದು, ಕೊಡೆ ತೆಗೆದುಕೊಂಡು, ಬರ್ತೀನಮ್ಮ ಎಂದು ಮೆಟ್ಟಿಲಿಳಿದರು. ನಾನು ಕಂಬ ಹಿಡಿದು ನಿಂತಿದ್ದೆ. ಅವರ ಭಾರವನ್ನು ಇಳಿಸಲು ಹೋಗಿ ನನ್ನದನ್ನು ಇಬ್ಬರೂ ಹಂಚಿಕೊಂಡ ಹಾಗಾಯಿತು, ಆದರೆ ಯಾರದೂ ಕಡಿಮೆಯಾಗಲಿಲ್ಲ. ಆ ಬೆಳಿಗ್ಗೆ ನಮ್ಮ ಅಂಗಳದಲ್ಲಿ, ಅದು ಹಕ್ಕಿಯ ಮೊಟ್ಟೆ ಎಂದು ಗೊತ್ತಿದ್ದವರು ಮೂರು ಜನ. ಬಾಯಿಬಿಟ್ಟು ಹೇಳಿದವಳು ಈರಿ ಒಬ್ಬಳೇ.